ಕೊಡಗಿನ ಮಳೆಗಾಲಕ್ಕೆ ಯಾವ ಚಿಂಚಿಲ್ಲಾ ಗೂಡು? ಮೂರರಲ್ಲೂ ಸಾಕಿ ನೋಡಿದ ಲೆಕ್ಕ

"ಕೊಡಗು ತಂಪಲ್ವಾ, ಅಲ್ಲಿ ಚಿಂಚಿಲ್ಲಾ ಸಾಕೋದಕ್ಕೆ ಏನು ಕಷ್ಟ?" ಬೆಂಗಳೂರಿನ ನೆಂಟರೆಲ್ಲ ಇದನ್ನೇ ಕೇಳುತ್ತಾರೆ. ತಂಪು ಇದೆ, ನಿಜ. ಆದರೆ ಚಿಂಚಿಲ್ಲಾಗೆ ಬರೀ ತಂಪು ಸಾಲದು, ಗಾಳಿ ಒಣಗಿರಬೇಕು. ಇಲಿಯ ಬಳಗಕ್ಕೆ ಸೇರಿದ, ದಟ್ಟ ತುಪ್ಪಳದ ಈ ಪುಟ್ಟ ಪ್ರಾಣಿಯ ತವರು ಚಿಲಿ ದೇಶ. ಅಲ್ಲಿ ಇಯಾಪೆಲ್ ಅನ್ನೋ ಊರಿನ ಹತ್ತಿರ ಕಾಡು ಚಿಂಚಿಲ್ಲಾಗಳಿಗೆಂದೇ 1983ರಲ್ಲಿ ಮಾಡಿದ ಸಂರಕ್ಷಿತ ಪ್ರದೇಶವಿದೆ. ಆ ಬೆಟ್ಟಗಳು ಆಕಾಶಕ್ಕೆ ಮುಟ್ಟುವಂಥವೇನಲ್ಲ, ಎಷ್ಟೋ ಕಡೆ ನಮ್ಮ ಮಡಿಕೇರಿಯಷ್ಟೇ ಎತ್ತರ, ಸಾವಿರ ಚಿಲ್ಲರೆ ಮೀಟರ್. ವ್ಯತ್ಯಾಸ ಇರೋದು ಮಳೆಯಲ್ಲಿ. ಅಲ್ಲಿ ಕಳ್ಳಿ, ಕಲ್ಲು, ಕುರುಚಲು ಗಿಡ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು.

ಸಾಕುವವರು ಒಂದು ಸುಲಭದ ಲೆಕ್ಕ ಹೇಳುತ್ತಾರೆ. ಕೋಣೆಯ ಉಷ್ಣಾಂಶವನ್ನು ಫ್ಯಾರನ್‌ಹೀಟ್‌ನಲ್ಲಿ ತಗೊಳ್ಳಿ, ಅದಕ್ಕೆ ತೇವಾಂಶದ ಶೇಕಡಾವಾರು ಸೇರಿಸಿ. ಮೊತ್ತ 150 ದಾಟಬಾರದು. ಜುಲೈನಲ್ಲಿ ನಮ್ಮ ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್, ಅಂದರೆ 68 ಫ್ಯಾರನ್‌ಹೀಟ್. ತೇವಾಂಶ 90. ಕೂಡಿದರೆ 158. ನಮಗೆ ಸ್ವೆಟರ್ ಬೇಕು ಅನ್ನಿಸುವ ದಿನವೂ ಅದಕ್ಕೆ ಸರಿಯಾದ ದಿನ ಅಲ್ಲ. ಒಂದೇ ರಂಧ್ರದಿಂದ ಐವತ್ತು ಅರವತ್ತು ಕೂದಲು ಹುಟ್ಟುವ ತುಪ್ಪಳ ಅದು. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಬುಡದಲ್ಲಿ ಶಿಲೀಂಧ್ರ ಹತ್ತುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಒಂದು ಲೆಕ್ಕ ಇಟ್ಟುಕೊಂಡೇ ಓದಿ.

ನಮ್ಮ ಬೂದಿ (ಅದರ ಹೆಸರು, ಬಣ್ಣವೂ ಅದೇ) ಮೊದಲು ಇದ್ದದ್ದು ಅಂಗಡಿಯ ರೆಡಿಮೇಡ್ ಕೇಜಿನಲ್ಲಿ. ಬೆಕ್ಕು, ಮೊಲ, ಚಿಂಚಿಲ್ಲಾ ಎಲ್ಲಕ್ಕೂ ಆಗುತ್ತೆ ಅಂತ ಮಾರುವ, ತಂತಿಯ ಎರಡು ಅಂತಸ್ತಿನದು. ಹಗುರ, ಬಿಚ್ಚಿ ಜೋಡಿಸೋದು ಸುಲಭ, ಗಾಳಿ ಚೆನ್ನಾಗಿ ಆಡುತ್ತೆ. ಮಳೆಗಾಲಕ್ಕೆ ಇದು ದೊಡ್ಡ ಪ್ಲಸ್. ಆದರೆ ಒಳಗಿನ ಏಣಿ, ತಟ್ಟೆ, ಕೆಳಗಿನ ಟ್ರೇ ಎಲ್ಲ ಪ್ಲಾಸ್ಟಿಕ್. ಚಿಂಚಿಲ್ಲಾ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಸಿಕ್ಕಿದ್ದನ್ನೆಲ್ಲ ಕಡಿಯುವುದು ಅದಕ್ಕೆ ಅನಿವಾರ್ಯ. ಪ್ಲಾಸ್ಟಿಕ್ ಚೂರು ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆ. ಟ್ರೇಯ ಅಂಚು ಕೆಲವೇ ದಿನಕ್ಕೆ ಗರಗಸದ ಹಲ್ಲಿನಂತಾಯಿತು. ತಂತಿಗಳ ನಡುವೆ ಒಂದು ಇಂಚಿಗೂ ಜಾಸ್ತಿ ಜಾಗ ಇತ್ತು. ದೊಡ್ಡದು ನುಸುಳಲಾರದು, ಆದರೆ ಹಾರಿ ಬಂದಾಗ ಕಾಲು ಸಿಕ್ಕಿಕೊಂಡರೆ ಮುರಿಯುವುದು ಖಂಡಿತ. ತೋಟದ ಮನೆಯಲ್ಲಿ ಇನ್ನೊಂದು ತಾಪತ್ರಯವೂ ಇದೆ: ಒಳಗಿನದು ಹೊರಗೆ ಬರದಿದ್ದರೆ ಸಾಲದು, ಹೊರಗಿನ ಇಲಿ ಒಳಗೆ ಹೋಗಬಾರದು.

ಎರಡನೆಯದು ಆಚಾರಿ ಕೈಯಲ್ಲಿ ಮಾಡಿಸಿದ ಮರದ ಗೂಡು. ನೋಡಲು ಮೂರರಲ್ಲೂ ಇದೇ ಚಂದ. ಹಾಲ್‌ನಲ್ಲಿಟ್ಟರೆ ಪುಟ್ಟ ಶೋಕೇಸ್. ಮೂರು ಬದಿ ಹಲಗೆ, ಮುಂದೆ ಮಾತ್ರ ಜಾಲರಿ. ಅಡಗಿ ಕೂರುವ ಪ್ರಾಣಿಗೆ ಇದು ಹಿತ, ಬೂದಿ ಇದರೊಳಗೆ ಇದ್ದಷ್ಟು ನೆಮ್ಮದಿಯಾಗಿ ಬೇರೆಲ್ಲೂ ನಿದ್ದೆ ಮಾಡಿಲ್ಲ. ಜನವರಿಯಿಂದ ಮೇವರೆಗೆ ದೂರುವಂಥದ್ದು ಏನೂ ಇರಲಿಲ್ಲ. ಜೂನ್ ಹಿಡಿಯಿತು ನೋಡಿ, ಬಾಗಿಲು ಉಬ್ಬಿತು. ಎರಡು ಕೈ ಹಾಕಿ ಎಳೆದರೆ ಇಡೀ ಗೂಡೇ ಅಲ್ಲಾಡುತ್ತಿತ್ತು, ಒಳಗಿದ್ದದ್ದು ಗಾಬರಿ ಬಿದ್ದು ಗೋಡೆಯಿಂದ ಗೋಡೆಗೆ ಹಾರುತ್ತಿತ್ತು. ಹಾಗೆ ಹೆದರಿದಾಗ ಅದು ಒಂದು ಹಿಡಿ ತುಪ್ಪಳವನ್ನೇ ಉದುರಿಸುತ್ತದೆ, ಹದ್ದಿನ ಬಾಯಿಂದ ತಪ್ಪಿಸಿಕೊಳ್ಳಲು ಹುಟ್ಟಿನಿಂದ ಬಂದ ಉಪಾಯ ಅದು. ಮೂತ್ರ ಹೀರಿದ ಮೂಲೆ ಒಣಗಲೇ ಇಲ್ಲ. ಹಲಗೆ ಸಂದಿಯಲ್ಲಿ ಬಿಳಿ ಬೂಷ್ಟು, ಬೆರಳಲ್ಲಿ ಒರೆಸಿದರೆ ಹೋಗುತ್ತೆ, ಮೂರನೇ ದಿನ ಮತ್ತೆ ಹಾಜರ್. ಪ್ಲೈವುಡ್ ಹಾಕಿಸೋಣ ಅಂತ ಯೋಚಿಸುವವರಿಗೆ ಒಂದು ಮಾತು: ಪ್ಲೈವುಡ್‌ನ ಪದರ ಪದರಕ್ಕೂ ಅಂಟು ಇರುತ್ತದೆ, ಇವು ಅದನ್ನೇ ಕಡಿಯೋದು.

ಈಗ ಇರುವುದು ಕುಶಾಲನಗರದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಚೌಕ ಪೈಪಿನ ಫ್ರೇಮ್, ಅರ್ಧ ಇಂಚು ಅಗಲ ಒಂದು ಇಂಚು ಉದ್ದದ ಕಣ್ಣಿನ ವೆಲ್ಡ್ ಮೆಶ್, ಕೆಳಗೆ ಎಳೆದು ತೆಗೆಯುವ ತಗಡಿನ ಟ್ರೇ, ಕಾಲಿಗೆ ಚಕ್ರ. ಎತ್ತರ 4 ಅಡಿ, ಅಗಲ 3, ಆಳ 2. ಅಳತೆ ಕೊಟ್ಟಾಗ ವೆಲ್ಡರ್ "ಎಷ್ಟು ಕೋಳಿ ಸಾಕ್ತೀರಾ ಅಕ್ಕ?" ಅಂದರು. ಒಂದೇ ಒಂದು, ಅದೂ ಅರ್ಧ ಕೆಜಿ ತೂಗುವುದಕ್ಕೆ ಅಂದಾಗ ಅವರ ಮುಖ ನೋಡಬೇಕಿತ್ತು. ಮಾಡಿಸುವವರು ಎರಡು ವಿಷಯ ಹೇಳಲೇಬೇಕು. ಕತ್ತರಿಸಿದ ತಂತಿಯ ತುದಿ ಒಳಗೆ ಚಾಚಬಾರದು, ಉಜ್ಜಿ ನುಣುಪು ಮಾಡಿ ಪಟ್ಟಿ ಹೊಡೆಯಬೇಕು. ಮತ್ತೆ, ಬರೀ ಜಿಐ ಮೆಶ್ ಹಾಗೇ ಬಿಡಬಾರದು. ಅದರ ಮೇಲಿನ ಸತುವಿನ ಲೇಪ ಕಡಿದು ನುಂಗಿದರೆ ವಿಷ, ಜೊತೆಗೆ ವೆಲ್ಡ್ ಮಾಡಿದ ಜಾಗದಲ್ಲಿ ಆ ಲೇಪ ಸುಟ್ಟು ಹೋಗಿರೋದರಿಂದ ನಮ್ಮ ಹವೆಗೆ ಅಲ್ಲಿಂದಲೇ ತುಕ್ಕು ಶುರು. ಪೌಡರ್ ಕೋಟಿಂಗ್ ಮಾಡಿಸಿ, ಅದನ್ನೂ ಆಗಾಗ ನೋಡ್ತಾ ಇರಿ, ಎಲ್ಲಿ ಸಿಪ್ಪೆ ಎದ್ದಿದೆಯೋ ಅಲ್ಲಿ ಮರದ ತುಂಡು ಕಟ್ಟಿದರೆ ಗಮನ ಅತ್ತ ಹೋಗುತ್ತೆ. ಸ್ಟೀಲ್ ಮೆಶ್ ಆದರೆ ಈ ಗೋಳೇ ಇಲ್ಲ, ಆದರೆ ರೇಟ್ ಕೇಳಿ ಸುಮ್ನೆ ವಾಪಸ್ ಬಂದೆ. ಕೋಟಿಂಗ್ ಮಾಡಿಸಿದ್ದಕ್ಕೂ ರೆಡಿಮೇಡ್‌ಗಿಂತ ಒಂದೂವರೆ ಪಟ್ಟು ಬಿತ್ತು. ಮಡಿಕೇರಿ, ಭಾಗಮಂಡಲದ ಕಡೆಯವರು ಬೇರೆ ಯೋಚನೆ ಮಾಡದೆ ಇದನ್ನೇ ಮಾಡಿಸಿ. ಕುಶಾಲನಗರದಲ್ಲಿ ಮಳೆ ಕಡಿಮೆ, ಅಲ್ಲಿ ಮರದ ಗೂಡೂ ನಡೆಯಬಹುದು ಅಂತ ನನ್ನ ಅನಿಸಿಕೆ.

ಒಳಗೆ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಅತ್ತಿತ್ತ ಹಾಕಿ. ಮೇಲಿಂದ ಜಾರಿದರೆ ನೇರ ತಳಕ್ಕೆ ಬೀಳದೆ ಮಧ್ಯದ ಹಲಗೆ ಸಿಗಬೇಕು. ಕಡಿಯುವ ಕೋಲಿಗೆ ತೋಟದ ಕಾಫಿ ಕೊಂಬೆ ಬೇಡ. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ, ಅದರಲ್ಲಿ ಮೈಲುತುತ್ತ ಇದೆ. ಔಷಧಿ ಕಾಣದ ಹಿತ್ತಲಿನ ಹಿಪ್ಪುನೇರಳೆ ಕೊಂಬೆ ಒಳ್ಳೆಯದು, ಚೆನ್ನಾಗಿ ಒಣಗಿಸಿ ಕೊಡಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತಗೊಂಡರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿಯಲ್ಲಿ ಸಂಸ್ಕರಿಸಿದ್ದು, ಎಂಬಿ ಅಂತಿದ್ದರೆ ವಿಷದ ಅನಿಲ ಹಾಕಿದ್ದು. ಒಳಗೆ ಓಡಿ ಆಡುವ ಚಕ್ರ ಇಡುವುದಾದರೆ ಲೋಹದ್ದು, 15 ಇಂಚಿನದು, ಓಡುವ ಜಾಗದಲ್ಲಿ ಸಂದಿ ಇಲ್ಲದ್ದು. ನೀರಿನ ಬಾಟಲಿ ಗಾಜಿನದು.

ನೆಲಕ್ಕೆ ಏನು ಹಾಸಬೇಕು ಅನ್ನೋದರಲ್ಲಿ ಹೊರಗಿನವರ ಸಲಹೆ ನಮಗೆ ತಿರುಗುಮುರುಗು. ಎಲ್ಲರೂ ಫ್ಲೀಸ್ ಬಟ್ಟೆ ಹೊಗಳುತ್ತಾರೆ. ಒಗೆದು ಮತ್ತೆ ಹಾಸಬಹುದು, ಪಾದಕ್ಕೆ ಮೆತ್ತಗೆ, ಹಿಕ್ಕೆ ಕೊಡವಿದರೆ ಆಯಿತು. ಎಲ್ಲ ಸರಿ, ಜುಲೈನಲ್ಲಿ ಅದನ್ನು ಒಣಗಿಸೋದು ಎಲ್ಲಿ? ನಮ್ಮ ಬಟ್ಟೆಯೇ ವಾರಗಟ್ಟಲೆ ಒಲೆ ಮೇಲಿನ ಹಗ್ಗದಲ್ಲಿ ನೇತಾಡುತ್ತಿರುತ್ತದೆ. ಅರೆ ಒಣಗಿದ ಫ್ಲೀಸ್ ಹಾಸೋದಕ್ಕಿಂತ ಬರೀ ತಗಡೇ ವಾಸಿ. ಮಳೆಗಾಲದಲ್ಲಿ ಬಿಸಿಯಲ್ಲಿ ಒಣಗಿಸಿದ ಪೈನ್ ಸಿಪ್ಪೆ ಹಾಕುತ್ತೇನೆ, ಒದ್ದೆಯಾದ ಮೂಲೆಯನ್ನು ದಿನಾ ಬಾಚಿ ತೆಗೆಯುತ್ತೇನೆ. ನವೆಂಬರ್ ಬಂದ ಮೇಲೆ ಫ್ಲೀಸ್. ಸಾಮಿಲ್ಲಿನ ಹೊಟ್ಟು ಬಿಟ್ಟಿ ಸಿಗುತ್ತೆ, ಆದರೆ ಯಾವ ಮರದ್ದು ಅಂತ ಯಾರಿಗೂ ಗೊತ್ತಿರಲ್ಲ, ದೂಳು ಬೇರೆ. ದೇವದಾರು ಜಾತಿಯ ಮರ ಇವಕ್ಕೆ ಆಗಲ್ಲ. ಕಾಫಿ ಹೊಟ್ಟು ಹಾಕಿ ಅಂದವರೂ ಇದ್ದಾರೆ. ಕೆಫೀನ್ ಇದೆ ಸ್ವಾಮಿ, ಬೇಡ.

ಗೂಡಿನಷ್ಟೇ ಮುಖ್ಯ ಅದನ್ನಿಡುವ ಜಾಗ. ಜಗುಲಿ ತಂಪು, ಆದರೆ ಅಲ್ಲಿ ಇರುಚಲು ಹೊಡೆಯುತ್ತೆ, ತೇವಾಂಶದ ಮೀಟರ್ 95 ತೋರಿಸುತ್ತೆ. ಅಡುಗೆಮನೆ ಒಣಗಿರುತ್ತೆ, ಆದರೆ ಸೌದೆ ಹೊಗೆ. ಕಡೆಗೆ ಒಳಗಿನ ಸಣ್ಣ ಕೋಣೆಗೆ ಸ್ಥಳಾಂತರ ಆಯಿತು. ಬೀರುವಿಗೆ ಇಡುವ, ನೀರು ಹೀರುವ ಡಬ್ಬಗಳನ್ನು ಮೊದಲು ಇಟ್ಟೆ. ಡಬ್ಬ ತುಂಬುತ್ತೆ, ಮೀಟರ್ ಮಾತ್ರ ಕದಲಲ್ಲ. ಅದರೊಳಗಿನ ಉಪ್ಪು ಬಾಯಿಗೆ ಸಿಕ್ಕರೆ ಸುಡುತ್ತದೆ, ಗೂಡಿನ ಹತ್ತಿರಕ್ಕೂ ತರಬೇಡಿ. ಗಾಳಿಯ ತೇವ ಎಳೆಯುವ ಮೆಷಿನ್ನು, ಡಿಹ್ಯೂಮಿಡಿಫೈಯರ್, ಇಟ್ಟ ದಿನ ಬಾಗಿಲು ಮುಚ್ಚಿದ ಕೋಣೆ ಸಂಜೆಗೆಲ್ಲ 55ಕ್ಕೆ ಇಳಿಯಿತು, ಬಕೆಟ್ಟಿಗೆ ನೀರು ಸುರಿದೆ ಸುರಿದೆ. ಅದು ಓಡಿದರೆ ಕೋಣೆ ಒಂದೆರಡು ಡಿಗ್ರಿ ಬಿಸಿಯಾಗುತ್ತೆ, ಮಳೆಗಾಲದಲ್ಲಿ ಪರವಾಗಿಲ್ಲ. ಏಸಿಯ ಡ್ರೈ ಮೋಡ್ ಕೂಡ ಇದೇ ಕೆಲಸ ಮಾಡುತ್ತೆ, ಆದರೆ ನಮ್ಮ ಕಡೆ ಯಾರ ಮನೆಯಲ್ಲಿ ಏಸಿ ಇದೆ ಹೇಳಿ? ಕರೆಂಟ್ ಹೋದರೆ ಎರಡೂ ಒಂದೇ. ಗಾಳಿಮಳೆಗೆ ಮರ ಬಿದ್ದು ಲೈನ್ ಕಟ್ ಆದರೆ ದಿನಗಟ್ಟಲೆ ಕತ್ತಲೆ, ನಮ್ಮ ಸಣ್ಣ ಇನ್ವರ್ಟರ್ ಈ ಮೆಷಿನ್ನು ಎಳೆಯಲ್ಲ. ಆಗ ಕಿಟಕಿ ಬಾಗಿಲು ಮುಚ್ಚಿಟ್ಟು, ಸಿಪ್ಪೆ ಬದಲಾಯಿಸಿ, ದೂಳಿನ ಸ್ನಾನ (ನೀರಿನ ಬದಲು ನಯವಾದ ಪುಡಿಯಲ್ಲಿ ಹೊರಳಾಡಲು ಬಿಡೋದು) ಜಾಸ್ತಿ ಮಾಡಿಸುವುದು ಅಷ್ಟೇ.

ದೂಳಿನ ಸ್ನಾನ ಮಾಮೂಲಿಗೆ ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ. ಹೊಳೆ ಮರಳು ಒರಟು, ತುಪ್ಪಳದ ಬುಡಕ್ಕೆ ಇಳಿಯುವುದಿಲ್ಲ. ಟಾಲ್ಕಂ ಪೌಡರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಜ್ವಾಲಾಮುಖಿ ಕಲ್ಲಿನ ನಯವಾದ ಪುಡಿಯೇ ಬೇಕು, ದುಬಾರಿ, ಆದರೆ ಬೇರೆ ದಾರಿ ಇಲ್ಲ. ಸ್ನಾನ ಆದ ಮೇಲೆ ಬಟ್ಟಲು ಹೊರಗೆ ತೆಗೆದು ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಇಲ್ಲಾಂದರೆ ಮರುದಿನ ಗಂಟು ಗಂಟು.

ಬೇಸಿಗೆಗೆ ಲೆಕ್ಕ ತಿರುಗುತ್ತದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಒಳಗೂ 27-28 ಡಿಗ್ರಿ ಆಗುತ್ತೆ, ಇವಕ್ಕೆ 25ರ ಮೇಲೆ ಅಪಾಯ. ತಂಪಿಗೆ ಮೈ ಚಾಚಲು ಗೂಡಿನಲ್ಲಿಡುವ ಸೆರಾಮಿಕ್ ಟೈಲ್ ಬೇಗ ಬಿಸಿಯಾಗಿ ಬಿಡುತ್ತೆ. ಗ್ರಾನೈಟ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ದಪ್ಪ ತುಂಡು ಎರಡು ತನ್ನಿ, ಅಂಚು ಉಜ್ಜಿಸಿ. ಒಂದು ಗೂಡಿನಲ್ಲಿ, ಇನ್ನೊಂದು ಫ್ರಿಜ್ಜಿನಲ್ಲಿ, ಮಧ್ಯಾಹ್ನ ಅದಲು ಬದಲು. ಫ್ರಿಜ್ಜಿನಿಂದ ತೆಗೆದ ಕಲ್ಲು ಬೆವರುತ್ತದೆ, ಒರೆಸಿ ಇಡಿ. ಇವು ನಮ್ಮ ಹಾಗೆ ಬೆವರುವುದಿಲ್ಲ, ಹಾಗಾಗಿ ಬರೀ ಫ್ಯಾನ್ ಹಾಕಿದರೆ ಪ್ರಯೋಜನ ಕಡಿಮೆ. ಕಿವಿ ಕೆಂಪಗಾಗಿ, ಮೈ ಚಾಚಿ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದರೆ ತಕ್ಷಣ ತಂಪು ಕೋಣೆಗೆ ಒಯ್ಯಿರಿ, ಡಾಕ್ಟರಿಗೆ ಫೋನ್ ಮಾಡಿ. ನಮ್ಮ ಹತ್ತಿರದಲ್ಲಿ ಇಂಥ ಪ್ರಾಣಿ ನೋಡುವವರು ಸಿಗಲಿಲ್ಲ, ನಾವು ಬೆಂಗಳೂರಿಗೇ ಹೋಗುವುದು. ಗೂಡು ಮಾಡಿಸುವ ಮೊದಲು ಆ ನಂಬರ್ ಹುಡುಕಿಟ್ಟುಕೊಳ್ಳಿ.