ಮೂರನೇ ಮಹಡಿಯ ರಿಪೇರಿ ಅಂಗಡಿ: ನಾಲ್ಕು ಸ್ಟಾರ್, ಐದನೆಯದು ಯಾಕಿಲ್ಲ ಅಂತಲೂ ಹೇಳ್ತೀನಿ

ತುಮಕೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ವೈಕುಂಠ ಸಮಾರಾಧನೆ ಪತ್ರಿಕೆ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ, ಇದೇ ನುಡಿ ಕೀಬೋರ್ಡು, ಇದೇ ಪೇಜ್‌ಮೇಕರ್. ಕಂಪ್ಯೂಟರ್ ಮಾತ್ರ ಮೂರು ಸಲ ಬದಲಾಗಿದೆ. ನಾಲ್ಕನೇ ಸಲಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ, ಮನಸ್ಸಂತೂ ಇರಲೇ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ನಿಲ್ಲುತ್ತದೆ ಅಂತ ಪರದೆ ಮೇಲೆ ದಿನಾ ಬರುತ್ತಿತ್ತು. ಗಿರಾಕಿಗಳ ಆಧಾರ್ ಪ್ರತಿ, ನನ್ನ ಬ್ಯಾಂಕಿನ ಲಾಗಿನ್ ಎಲ್ಲಾ ಅದೇ ಮೆಷೀನಲ್ಲಿ. ವಿಂಡೋಸ್ ಹನ್ನೊಂದಕ್ಕೆ ಹೋಗೋಣ ಅಂತ, ಮೆಷೀನು ಅದಕ್ಕೆ ಆಗುತ್ತದಾ ಎಂದು ನೋಡುವ ಮೈಕ್ರೋಸಾಫ್ಟ್‌ನವರದೇ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಮೂರು ಕೆಂಪು ಗುರುತು: ಟಿಪಿಎಂ (ಬೀಗದ ಕೀಗಳನ್ನು ಕಾಯುವ ಭದ್ರತೆಯ ಭಾಗ) ಇಲ್ಲ, ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ಓಡುವಂತೆ ಕಾಯುವುದು) ಇಲ್ಲ, ಪ್ರೊಸೆಸರ್ ನಡೆಯುವುದಿಲ್ಲ. ನನ್ನದು 2018ರಲ್ಲಿ ಕಟ್ಟಿಸಿದ್ದು. ಎ320 ಮದರ್‌ಬೋರ್ಡು, ಎಎಂಡಿ ರೈಜನ್ 3 1200 ಪ್ರೊಸೆಸರ್.

ಮೊದಲು ಹೋಗಿದ್ದು ಬೆಂಗಳೂರಿನ ಒಂದು ಅಂಗಡಿಗೆ. ಹೆಸರು ಬೇಡ. "ರೈಜನ್ ಎರಡು ಸಾವಿರದ ಸೀರೀಸ್‌ನಿಂದ ನಡೆಯುತ್ತೆ ಮೇಡಂ" ಅಂತ ಹೇಳಿ ಹಳೇದನ್ನು ತಾನೇ ಇಟ್ಟುಕೊಂಡು, 2200ಜಿ ಅನ್ನುವ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೂರಿಸಿ 3,200 ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ನೋಡಿದರೆ ಅದೇ ಕೆಂಪು ಗುರುತು. ಫೋನ್ ಮಾಡಿದರೆ "ಹಾಗಾದ್ರೆ ಹೊಸ ಸೆಟ್ಟೇ ತಗೊಳ್ಳಿ, 38,000 ಆಗುತ್ತೆ" ಅನ್ನುವ ಉತ್ತರ.

ಈ ಅಂಗಡಿಗೆ ಬಂದಿದ್ದು ಆಮೇಲೆ, ಬೈಂಡಿಂಗ್ ಮಾಡುವವರೊಬ್ಬರು ಹೇಳಿದರು ಅಂತ. ಮೂವತ್ತರ ಒಳಗಿನ ಹುಡುಗ. ಸಿಪಿಯು ಬಿಚ್ಚುವುದಕ್ಕೂ ಮೊದಲು ಮೈಕ್ರೋಸಾಫ್ಟ್‌ನವರ ಹನ್ನೊಂದಕ್ಕೆ ನಡೆಯುವ ಎಎಂಡಿ ಪ್ರೊಸೆಸರುಗಳ ಪಟ್ಟಿ ತೆರೆದು, ಮಾನಿಟರನ್ನು ನನ್ನ ಕಡೆ ತಿರುಗಿಸಿದ. "ನೀವೇ ಹುಡುಕಿ ಅಕ್ಕ." ಹುಡುಕಿದೆ. 2600 ಇದೆ, 2700 ಇದೆ, 2200ಜಿ ಇಲ್ಲ. ಆಮೇಲೆ ಬಿಡಿಸಿ ಹೇಳಿದ: ನಂಬರು ಎರಡು ಸಾವಿರದ್ದಾದರೂ 2200ಜಿ, 2400ಜಿ ಎರಡರ ಒಳಗಿರುವುದು ನನ್ನ ಹಳೇ 1200ರಲ್ಲಿದ್ದ ಮೊದಲ ಜೆನ್ ವಿನ್ಯಾಸವೇ. 2600, 2700ರಲ್ಲಿರುವುದು ಅದರ ಮುಂದಿನದು, ಜೆನ್ ಪ್ಲಸ್. ಹನ್ನೊಂದಕ್ಕೆ ಬೇಕಾಗಿರುವುದು ಅಲ್ಲಿಂದ ಮುಂದೆ. 3200ಜಿ ಆದರೆ ಜೆನ್ ಪ್ಲಸ್, ಪಟ್ಟಿಯಲ್ಲೂ ಇದೆ, ಇದೇ ಬೋರ್ಡಿನ ಮೇಲೂ ಕೂರುತ್ತದೆ. 2200ಜಿಯನ್ನು 1,800ಕ್ಕೆ ಹಿಡಿದು, 4,200ರ ಹಳೇ 3200ಜಿ ಕೊಟ್ಟ. ಮೇಲೆ ಕೈಯಿಂದ ಹೋಗಿದ್ದು 2,400. (ಸಿಪಿಯು ಅಂದರೆ ನಿಜವಾಗಿ ಈ ಪ್ರೊಸೆಸರೇ ಅಂತೆ. ಇಷ್ಟು ವರ್ಷ ಡಬ್ಬಿಗೆ ಸಿಪಿಯು ಅಂದುಕೊಂಡೇ ಬಂದವಳು ನಾನು, ಇನ್ನೇನು ಬದಲಾಯಿಸುವುದು.)

ಬೋರ್ಡು ಉಳಿಸಿಕೊಳ್ಳುವುದು ಯಾಕೆ ಅಂತ ಕೇಳಿದೆ. ವಿಂಡೋಸಿನ ಲೈಸೆನ್ಸು ಗಂಟು ಬಿದ್ದಿರುವುದು ಮುಖ್ಯವಾಗಿ ಬೋರ್ಡಿಗೆ. ಪ್ರೊಸೆಸರ್ ಬದಲಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬೋರ್ಡು ಬದಲಾದರೆ ಆ್ಯಕ್ಟಿವೇಶನ್ ತಕರಾರು ಶುರು. ಇದನ್ನು ಬೆಂಗಳೂರಿನಲ್ಲಿ ಯಾರೂ ಹೇಳಿರಲಿಲ್ಲ, 38,000ದ ಕೊಟೇಶನ್ ಮಾತ್ರ ಕೊಟ್ಟಿದ್ದರು.

ಕೆಲಸ ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮೊದಲ ದಿನ ಪೂರ್ತಿ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಮೊದಲನೇ ಪ್ರಶ್ನೆ: "ಡಿಸ್ಕಿಗೆ ಬಿಟ್‌ಲಾಕರ್ ಹಾಕಿದೀರಾ?" ಇಲ್ಲ ಅಂದೆ. (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ ಅದು.) ಎರಡನೇದು: "ಬ್ಯಾಕಪ್ ಎಲ್ಲಿ?" ಅದೂ ಇಲ್ಲ ಅಂದೆ. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟುಬಿಟ್ಟ. 2004ರಿಂದ ಮಾಡಿಟ್ಟ ಲಗ್ನಪತ್ರಿಕೆಗಳೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗುವ ತನಕ ಮುಟ್ಟಲಿಲ್ಲ. ಅದಕ್ಕೇ ಮಧ್ಯಾಹ್ನವಾಯಿತು.

ಆಮೇಲೆ ಬಯೋಸ್ (ಆನ್ ಮಾಡಿದ ಕೂಡಲೇ ಬೋರ್ಡಿನಲ್ಲಿ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್. ಹಳೇ ಬಯೋಸಿಗೆ ಹೊಸ ಪ್ರೊಸೆಸರಿನ ಗುರುತೇ ಸಿಗದು, ಪರದೆ ಕಪ್ಪಗೇ ಇರುತ್ತದಂತೆ. ಅದಕ್ಕೆ 2200ಜಿ ಕೂತಿರುವಾಗಲೇ ಮಾಡಬೇಕು. ನಡುವೆ ಕರೆಂಟು ಹೋದರೆ ಬೋರ್ಡೇ ಹೋಯಿತು ಅನ್ನಬೇಕು. ಯುಪಿಎಸ್‌ಗೆ ಹಾಕಿ, ಬ್ಯಾಟರಿ ನಿಲ್ಲುತ್ತದಾ ಅಂತ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ, ಆಮೇಲೇ ಶುರು ಮಾಡಿದ. ಹೀಗೆ ಪರೀಕ್ಷೆ ಮಾಡುವವರನ್ನು ನಾನು ನೋಡಿದ್ದು ಇದೇ ಮೊದಲು.

ಪ್ರೊಸೆಸರ್ ಬದಲಾಯಿಸಿ ಆನ್ ಮಾಡಿದಾಗ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬಂತು: ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರಿನ ಒಳಗಿನ ಟಿಪಿಎಂ) ರೀಸೆಟ್ ಮಾಡಲೇ, ವೈ ಅಥವಾ ಎನ್ ಒತ್ತಿ. ನನ್ನ ಎದೆ ಧಸಕ್ಕಂದಿತು. ಬಿಟ್‌ಲಾಕರ್ ಕೇಳಿದ್ದು ಇದಕ್ಕೇ. ಅದು ಹಾಕಿದ್ದು ರಿಕವರಿ ಕೀ ಇಲ್ಲದಿದ್ದರೆ, ವೈ ಒತ್ತಿದ ಮೇಲೆ ಡಿಸ್ಕಿನ ಬೀಗ ತೆಗೆಯಲು ಆಗುವುದಿಲ್ಲ. ನನ್ನದರಲ್ಲಿ ಇರಲಿಲ್ಲವಾದ್ದರಿಂದ ವೈ.

ಉಳಿದ ಎರಡು ಕೆಂಪು ಗುರುತಿಗೆ ಒಂದು ಪೈಸೆಯ ಸಾಮಾನೂ ಬೇಕಾಗಲಿಲ್ಲ. ಟಿಪಿಎಂ ಎಎಂಡಿ ಪ್ರೊಸೆಸರಿನ ಒಳಗೇ ಇತ್ತು, ಬಯೋಸಲ್ಲಿ ಆಫ್ ಆಗಿತ್ತು ಅಷ್ಟೆ. ಸೆಕ್ಯೂರ್ ಬೂಟ್ ಸ್ವಲ್ಪ ಸತಾಯಿಸಿತು. 2018ರಲ್ಲಿ ವಿಂಡೋಸ್ ಹಾಕಿದವರು ಡಿಸ್ಕನ್ನು ಹಳೇ ಎಂಬಿಆರ್ ಪದ್ಧತಿಯಲ್ಲಿ ಭಾಗ ಮಾಡಿದ್ದರು, ಅದರಲ್ಲಿ ಸೆಕ್ಯೂರ್ ಬೂಟ್ ನಡೆಯದು. ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡಿನಿಂದ ಫೈಲು ಅಳಿಸದೆ ಹೊಸ ಜಿಪಿಟಿ ಪದ್ಧತಿಗೆ ತಂದು, ಬಯೋಸಿನಲ್ಲಿ ಹಳೇ ಬೂಟ್ ಪದ್ಧತಿಯ ಸಿಎಸ್‌ಎಂ ತೆಗೆದ ಮೇಲೆ ಮೂರೂ ಹಸಿರು. ಹನ್ನೊಂದು ಹಳೇದರ ಮೇಲೆಯೇ ಕೂತಿತು. ನುಡಿ ಇದೆ, ಪೇಜ್‌ಮೇಕರ್ ತೆರೆಯಿತು, ಫಾಂಟು ಒಂದೂ ಹೋಗಿಲ್ಲ. ಲೇಸರ್ ಪ್ರಿಂಟರ್ ಮಾತ್ರ ಮುನಿಸಿಕೊಂಡಿತ್ತು, ಡ್ರೈವರ್ ಮತ್ತೆ ಹಾಕಿಸಬೇಕಾಯಿತು.

ನಮ್ಮ ಅಕ್ಕನ ಮಗ "ರೂಫಸ್ ಅನ್ನೋ ಪ್ರೋಗ್ರಾಮ್‌ನಲ್ಲಿ ಪೆನ್‌ಡ್ರೈವ್ ಮಾಡಿ ಚೆಕಿಂಗನ್ನೇ ಹಾರಿಸಬಹುದು ಚಿಕ್ಕಮ್ಮ, ದುಡ್ಡೇ ಬೇಡ" ಅಂದಿದ್ದ. ಅದನ್ನೂ ಇಲ್ಲಿ ಕೇಳಿದೆ. ಆಗುತ್ತದೆ ಅಂತಲೇ ಹೇಳಿದ. ಆದರೆ ಅಂಥ ಮೆಷೀನಿಗೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಕೈಯಲ್ಲೇ ಹಾಕಿಕೊಳ್ಳಬೇಕು. "ಮನೆ ಕಂಪ್ಯೂಟರಾಗಿದ್ರೆ ಮಾಡ್ಕೊಡ್ತಿದ್ದೆ. ತುಳಸಿ ಹಬ್ಬ ಕಳೆದು ಮದುವೆ ಸೀಸನ್ನಲ್ಲಿ ನಿಂತರೆ ನನ್ನನ್ನೇ ಬೈತೀರ." ನಾನಿದ್ದಾಗಲೇ ಹಳೇ ಕೋರ್ 2 ಡುಯೋ ಮೆಷೀನು ಹೊತ್ತು ತಂದ ಹಿರಿಯರೊಬ್ಬರನ್ನು ವಾಪಸ್ ಕಳಿಸಿದ. ಹನ್ನೊಂದರ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಅನ್ನುವ ಸೂಚನೆ ಪ್ರೊಸೆಸರಿಗೇ ಗೊತ್ತಿರಬೇಕು, ಆ ಕಾಲದ್ದರಲ್ಲಿ ಅದಿಲ್ಲ, ಯಾವ ಉಪಾಯವೂ ನಡೆಯದು. ಅವರಿಂದ ನೂರು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ನನ್ನ ಎರಡನೇ ಮೆಷೀನು, ಜೆರಾಕ್ಸ್ ಪಕ್ಕದ್ದು, ಇಂಟೆಲ್ ಐ3 6100, ಎಚ್110 ಬೋರ್ಡು. ಅದಕ್ಕೂ ಹನ್ನೊಂದಕ್ಕೆ ನಡೆಯುವ ಎಂಟನೇ ತಲೆಮಾರಿನ ಪ್ರೊಸೆಸರ್ ಹಾಕಿಬಿಡು ಅಂದೆ. ಒಪ್ಪಲಿಲ್ಲ. ಸಾಕೆಟ್ಟಿನ ಹೆಸರು ಎರಡಕ್ಕೂ 1151, ಕೂರುವುದಕ್ಕೂ ಕೂರುತ್ತದೆ, ಆದರೆ ಎಂಟನೆಯದಕ್ಕೆ 300 ಸೀರೀಸಿನ ಬೋರ್ಡೇ ಆಗಬೇಕು. ಮಾರಬೇಕೆಂದಿದ್ದರೆ ಮಾರಬಹುದಿತ್ತು, ನನಗೇನು ಗೊತ್ತಾಗುತ್ತಿತ್ತು. ಬದಲಿಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಮಾಡಿಸಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ, ವಿಂಡೋಸ್ 10ರ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟಿಗೆ ಹೆಸರು ನೋಂದಾಯಿಸಿದ. 2026ರ ಅಕ್ಟೋಬರ್ 13ರವರೆಗೆ ಬರುತ್ತದೆ, ಖರ್ಚಿಲ್ಲ.

ಇನ್ನು ಕಳೆದ ಸ್ಟಾರಿನ ವಿಷಯ. ಎರಡು ದಿನ ಅಂದಿದ್ದು ನಾಲ್ಕು ದಿನವಾಯಿತು. ಆ ನಾಲ್ಕು ದಿನದಲ್ಲಿ ನಾನು ಹದಿನೈದು ಸಲವಾದರೂ ಫೋನ್ ಮಾಡಿರಬೇಕು, ಎತ್ತಿದ್ದು ಎರಡು ಸಲ. ಬಿಲ್ಲು ಕೇಳಿದ ಮೇಲೆ ಚೀಟಿಯಲ್ಲಿ ಬರೆದುಕೊಟ್ಟ. ಬಿಲ್ ಬುಕ್ ಮಾಡಿಸಿಕೊಳ್ಳಪ್ಪ, ನಾನೇ ಕಮ್ಮಿಗೆ ಮಾಡಿಕೊಡ್ತೀನಿ ಅಂತ ಹೇಳಿ ಬಂದಿದ್ದೇನೆ. ಹಳೇ ಗ್ರಾಫಿಕ್ಸ್ ಕಾರ್ಡು ಬೇಡವೆಂದು ತೆಗೆದ, ಸರಿ. ಆದರೆ 3200ಜಿಯ ಒಳಗಿನ ಗ್ರಾಫಿಕ್ಸು 8 ಜಿಬಿ ರ್‍ಯಾಮಿನಲ್ಲೇ ಪಾಲು ಕೇಳುತ್ತದೆ ಅನ್ನುವುದನ್ನು ಮೊದಲೇ ಹೇಳಬೇಕಿತ್ತು. ದೊಡ್ಡ ಫ್ಲೆಕ್ಸ್ ಡಿಸೈನ್ ತೆರೆದಾಗ ಗೊತ್ತಾಯಿತು.

ಒಟ್ಟು ಕೊಟ್ಟಿದ್ದು ಪ್ರೊಸೆಸರಿಗೆ 2,400, ಮಜೂರಿ 900. ಹೋಗುವವರು ಡಬ್ಬಿ ಮಾತ್ರ ಒಯ್ಯಿರಿ, ಮಾನಿಟರ್ ಬೇಡ, ಲಿಫ್ಟ್ ಇಲ್ಲ. ಎರಡರಿಂದ ಮೂರೂವರೆಗೆ ಊಟಕ್ಕೆ ಬಾಗಿಲು ಹಾಕಿರುತ್ತಾನೆ, ಆಗ ಹೋದರೆ ಮೆಟ್ಟಿಲ ಮೇಲೇ ಕೂತಿರಬೇಕು.