ಬಕೆಟ್ ಸ್ನಾನಕ್ಕೆ ಲಾವಂಚದ ಎಣ್ಣೆ: ಒಂದು ವರ್ಷಕ್ಕೂ ಮೀರಿದ ಬಳಕೆಯ ಅನುಭವ

ಚಳಿಗಾಲ ಕಾಲಿಟ್ಟೊಡನೆ ನನ್ನ ಮೊಣಕಾಲಿನ ಕೆಳಗಿನ ಚರ್ಮ ಒಣಗಿ, ಬಿಳಿ ಹೊಟ್ಟು ಎದ್ದು, ರಾತ್ರಿಯಿಡೀ ತುರಿಸುತ್ತದೆ. ನಮ್ಮ ಮನೆಯ ಬೋರ್‌ವೆಲ್ ನೀರಿನ ಗಡಸುತನ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಈ ಕಾರಣಕ್ಕೆ ಲಾವಂಚದ ಎಸೆನ್ಶಿಯಲ್ ಆಯಿಲ್, ಅಂದರೆ ಭಟ್ಟಿ ಇಳಿಸಿದ ಸುಗಂಧ ತೈಲ, ತರಿಸಿದೆ. ಶ್ರೀಗಂಧದ ಎಣ್ಣೆ ನನ್ನ ಕೈಗೆಟುಕುವ ಬೆಲೆಯದ್ದಲ್ಲ.

ನನ್ನ ಮುಖ್ಯ ತಕರಾರು ಬಾಟಲಿಯ ಮೇಲಿನ ಸೂಚನೆಯ ಬಗ್ಗೆ. ಒಂದು ಬಕೆಟ್ ಬಿಸಿನೀರಿಗೆ ನೇರವಾಗಿ ಹತ್ತು ಹನಿ ಹಾಕಬೇಕು, ಚರ್ಮದ ತೊಂದರೆ ಗುಣವಾಗುತ್ತದೆ ಎಂದು ಅಲ್ಲಿ ಮುದ್ರಿಸಿದ್ದಾರೆ. ಸುಗಂಧ ತೈಲ ನೀರಿನಲ್ಲಿ ಕರಗುವುದಿಲ್ಲ. ಕಂದು ಹನಿಗಳು ನೀರಿನ ಮೇಲೆ ತೇಲಿ, ಬಕೆಟ್ಟಿನ ಅಂಚಿಗೆ ಅಂಟಿ, ಉಳಿದದ್ದು ಮೊದಲ ಚೊಂಬಿನಲ್ಲೇ ನೀರಿನೊಡನೆ ಬೆರೆಯದೆ ಹಾಗೆಯೇ ಮೈಮೇಲೆ ಬೀಳುತ್ತದೆ. ಲಾವಂಚ ಸೌಮ್ಯವಾದದ್ದೆಂದು ಉರಿಯಾಗಲಿಲ್ಲ. ಇದೇ ಸೂಚನೆಯನ್ನು ಮಜ್ಜಿಗೆ ಹುಲ್ಲಿನ ಎಣ್ಣೆಗೋ ಟೀ ಟ್ರೀ ಎಣ್ಣೆಗೋ ಅನ್ವಯಿಸಿದವರ ಚರ್ಮ ಕೆಂಪಾಗಿ ಉರಿಯುವ ಸಾಧ್ಯತೆ ಇದ್ದೇ ಇದೆ. ತುರಿಕೆಯಿಂದ ಬಳಲುವವರೇ ಕೊಳ್ಳುವ ವಸ್ತುವಿನ ಮೇಲೆ ಇಂಥ ಸೂಚನೆ ಇರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಈಗ ನಾನು ಅನುಸರಿಸುವ ಕ್ರಮವೇ ಬೇರೆ. 30 ಮಿ.ಲೀ. ಎಳ್ಳೆಣ್ಣೆಗೆ ಆರು ಹನಿ ಲಾವಂಚ ಬೆರೆಸಿ, ಅಂದರೆ ಶೇಕಡಾ 1ರಷ್ಟು, ಗಾಢ ಬಣ್ಣದ ಶೀಶೆಯಲ್ಲಿಡುತ್ತೇನೆ. ಬೇರಿನಿಂದ ಭಟ್ಟಿ ಇಳಿಸಿದ ಈ ಎಣ್ಣೆ ಜೇನಿನಂತೆ ಮಂದವಾದ್ದರಿಂದ ಚಳಿಯ ಬೆಳಿಗ್ಗೆ ಮುಚ್ಚಳದ ಸಣ್ಣ ರಂಧ್ರದಲ್ಲೇ ನಿಂತುಬಿಡುತ್ತದೆ; ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗಾಗಿಸಿದ ಮೇಲೆ, ಒಂದೊಂದೇ ಹನಿ ಉದ್ದಕ್ಕೆ ಎಳೆಯಾಗಿ ಇಳಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮುಗಿಸಿ, ಮೈ ಒದ್ದೆಯಿರುವಾಗಲೇ ಈ ಮಿಶ್ರಣವನ್ನು ಕಾಲಿಗೆ ಸವರಿ, ಕೊನೆಯಲ್ಲಿ ಒಂದು ಚೊಂಬು ನೀರು ಸುರಿದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸುತ್ತೇನೆ. ಬಚ್ಚಲಿನ ನೆಲ ಜಾರುತ್ತದೆ, ಮನೆಯಲ್ಲಿ ಹಿರಿಯರಿದ್ದರೆ ಸೋಪಿನ ನೀರಿನಿಂದ ತಪ್ಪದೆ ತೊಳೆಯಿರಿ.

ಹೀಗೆ ಬಳಸಲು ತೊಡಗಿದ ಮೇಲೆ ನನ್ನ ಅಸಮಾಧಾನ ಬಹುಮಟ್ಟಿಗೆ ಕರಗಿದೆ. ಹೊಟ್ಟು ಏಳುವುದು ಕಡಿಮೆಯಾಗಿದೆ, ರಾತ್ರಿ ನಿದ್ದೆ ಕೆಡುವುದಿಲ್ಲ. ಚರ್ಮ ಮೆತ್ತಗಾದದ್ದರ ಶ್ರೇಯಸ್ಸು ಮುಖ್ಯವಾಗಿ ಎಳ್ಳೆಣ್ಣೆಗೂ, ಹಬೆಯಾಡುವ ಬಿಸಿನೀರನ್ನು ಬಿಟ್ಟಿದ್ದಕ್ಕೂ ಸಲ್ಲಬೇಕೆಂದು ನನ್ನ ನಂಬಿಕೆ. ಆದರೆ ಆ ವಾಸನೆ! ಲ್ಯಾವೆಂಡರ್ ಸ್ನಾನ ಮುಗಿಯುವಷ್ಟರಲ್ಲಿ ಹಾರಿಹೋಗುತ್ತದೆ. ಲಾವಂಚವಾದರೋ ಮೊದಲ ಮಳೆಗೆ ನೆನೆದ ಮಣ್ಣಿನ ಕಂಪಾಗಿ ಸಂಜೆಯವರೆಗೂ ಕಾಲಿನಲ್ಲೇ ಉಳಿಯುತ್ತದೆ, ಪಂಚೆಯಲ್ಲೂ ಉಳಿಯುತ್ತದೆ. ಈ ಸುಖವಿಲ್ಲದಿದ್ದರೆ ನಿತ್ಯವೂ ಎಣ್ಣೆ ಸವರಿಕೊಳ್ಳುವ ಶಿಸ್ತು ನನಗೆ ಬರುತ್ತಿರಲಿಲ್ಲ.

10 ಮಿ.ಲೀ. ಬಾಟಲಿ ತಿಂಗಳುಗಟ್ಟಲೆ ಬರುವುದರಿಂದ ಬೆಲೆ ಹೊರೆ ಎನಿಸಿಲ್ಲ, ಮತ್ತೆ ಕೊಳ್ಳುತ್ತೇನೆ. ಕೊಳ್ಳುವವರು ಮೊದಲು ಮೊಣಕೈಯ ಒಳಭಾಗಕ್ಕೆ ಮಿಶ್ರಣವನ್ನು ಹಚ್ಚಿ ಒಂದು ದಿನ ಕಾದು ನೋಡಿ. ಚರ್ಮ ಬಿರಿದು ರಕ್ತ ಅಥವಾ ಕೀವು ಕಾಣಿಸಿಕೊಂಡಿದ್ದರೆ ಇದನ್ನು ಮುಟ್ಟದೆ ವೈದ್ಯರಿಗೆ ತೋರಿಸಿ, ಎಳೆಯ ಮಕ್ಕಳ ಸ್ನಾನಕ್ಕಂತೂ ಬೇಡವೇ ಬೇಡ.