ಬಾಲ ಇರೋ ಹಂದಿಗಳು: ಮಂಡಗದ್ದೆ ಕಡೆ ಒಂದು ಫಾರಂ, ಅಲ್ಲಿನ ಪೋರ್ಕ್

ಮೊದ್ಲು ರೇಟ್ ಹೇಳ್ಬಿಡ್ತೀನಿ, ಎಲ್ರೂ ಕೇಳೋದು ಅದನ್ನೇ. ಶಿವಮೊಗ್ಗ ಪೇಟೆ ರೇಟಿಗಿಂತ ಕೇಜಿಗೆ ಐವತ್ತು ಅರವತ್ತು ರೂಪಾಯಿ ಜಾಸ್ತಿ. ಚೌಕಾಸಿ ಮಾಡಿದ್ರೆ ನಗ್ತಾರೆ, ಕಮ್ಮಿ ಅಂತೂ ಮಾಡಲ್ಲ. ಗಾಜನೂರು, ಸಕ್ರೆಬೈಲು ದಾಟಿ ತೀರ್ಥಹಳ್ಳಿ ರಸ್ತೆಲಿ ಹೋಗಿ ಮಂಡಗದ್ದೆ ಹತ್ರ ಒಳಗೆ ಮಣ್ಣು ರಸ್ತೆ ಹಿಡೀಬೇಕು, ಬೋರ್ಡು ಗೀರ್ಡು ಏನೂ ಇಲ್ಲ. "ಹೆಸರು ಹಾಕ್ಬೇಡಿ ಮಾರಾಯ್ರೆ, ಭಾನುವಾರ ಜನ ಬಂದು ಗೇಟ್ ಹತ್ರ ನಿಂತ್ರೆ ಕಷ್ಟ" ಅಂದಿದಾರೆ ಓನರ್, ಅದಕ್ಕೆ ಹಾಕಿಲ್ಲ. ಆ ಕಡೆಯವ್ರನ್ನ ವಿಚಾರಿಸಿದ್ರೆ ಗೊತ್ತಾಗುತ್ತೆ.

ಹಂದಿ ಫಾರಂಗೆ ಹೋದ್ರೆ ನಾನು ಮೊದ್ಲು ನೋಡೋದು ಬಾಲ. ನಗ್ಬೇಡಿ. ಹಂದಿಗೆ ದಿನವಿಡೀ ಮೂತಿ ಹಾಕಿ ಕೆದಕ್ತಾ ಇರ್ಬೇಕು, ಏನಾದ್ರೂ ಅಗೀತಾ ಇರ್ಬೇಕು, ಅದು ಅದರ ಹುಟ್ಟುಗುಣ. ಬರೀ ಸಿಮೆಂಟ್ ನೆಲದ ಮೇಲೆ ಇಕ್ಕಟ್ಟಾಗಿ ತುಂಬಿ ತೊಟ್ಟಿಗೆ ಫೀಡ್ ಸುರಿದು ಬಿಟ್ರೆ ಅದು ಅಗಿಯೋದಾದ್ರೂ ಏನನ್ನ, ಎದುರಿಗಿರೋ ಹಂದಿ ಬಾಲಾನೇ ಅಗಿಯುತ್ತೆ, ಒಂದ್ಸಲ ರಕ್ತ ಬಂತು ಅಂದ್ರೆ ಉಳಿದವೂ ಅದಕ್ಕೇ ಮುಗಿಬೀಳ್ತವೆ. ಇದಕ್ಕೆ ದೊಡ್ಡ ದೊಡ್ಡ ಫಾರಂನವ್ರು ಕಂಡ್ಕೊಂಡಿರೋ ಉಪಾಯ ಮರಿ ಹುಟ್ಟಿದ ಮೊದಲ ದಿನಗಳಲ್ಲೇ ಬಾಲ ಕತ್ತರಿಸಿ ಹಾಕೋದು. ಯುರೋಪಲ್ಲಿ ರೊಟೀನಾಗಿ ಬಾಲ ಕತ್ತರಿಸಬಾರದು ಅಂತ ಕಾನೂನೇ ಇದೆ, ಆದ್ರೂ ಬಹಳ ದೇಶಗಳಲ್ಲಿ ಕತ್ತರಿಸ್ತಾನೇ ಇದಾರೆ. ಸ್ವೀಡನ್, ಫಿನ್ಲೆಂಡ್‌ನಂಥ ಕೆಲವು ದೇಶದವ್ರು ಪೂರ್ತಿ ನಿಲ್ಲಿಸಿದಾರೆ. ಅಲ್ಲೂ ಹಂದಿ ಸಾಕಿ ಮಾರ್ತಾರೆ ತಾನೆ, ಅಂದ್ರೆ ಆಗದೇ ಇರೋ ಕೆಲಸ ಏನಲ್ಲ.

ಈ ಫಾರಂನಲ್ಲಿ ತೊಂಬತ್ತು ಕೇಜಿ ತೂಗೋ ಹಂದಿಗೂ ಬಾಲ ಸುರುಳಿ ಸುತ್ಕೊಂಡು ನೆಟ್ಟಗಿದೆ. ಯಾಕೆ ಅಂತ ಕೇಳಿದ್ರೆ ಓನರ್ ಕೊಟ್ಟಿಗೆ ನೆಲ ತೋರ್ಸಿದ್ರು. ಭತ್ತದ ಹುಲ್ಲು, ದರಗು (ಉದುರಿದ ಒಣ ಎಲೆ), ಒಣಗಿದ ಅಡಕೆ ಸಿಪ್ಪೆ ಎಲ್ಲ ದಪ್ಪಕ್ಕೆ ಹಾಸಿದಾರೆ, ನಮ್ಮಲ್ಲಿ ದನದ ಕೊಟ್ಟಿಗೆಗೆ ಸೊಪ್ಪು ಹಾಕ್ತೀವಲ್ಲ ಹಂಗೇ. ಅದರೊಳಗೆ ಒಂದು ಮುಷ್ಟಿ ಕಾಳು ಚೆಲ್ಲಿಬಿಟ್ರೆ ಸಂಜೆ ತನಕ ಹುಡುಕ್ತಾ ಇರ್ತವೆ. ಹಲಸಿನ ಕಾಲದಲ್ಲಿ ಸಿಪ್ಪೆ ಸಮೇತ ಹಲಸು ಬೀಳುತ್ತೆ. ಕೊನೆಗೆ ಆ ಹಾಸಿಗೆಯೆಲ್ಲ ಗೊಬ್ಬರವಾಗಿ ಅವರದ್ದೇ ಅಡಕೆ ತೋಟಕ್ಕೆ ಹೋಗುತ್ತೆ, ಅಂದ್ಮೇಲೆ ಅದಕ್ಕೆ ಹಾಕಿದ ದುಡ್ಡು ಎಲ್ಲೂ ಪೋಲಾಗಿಲ್ಲ. ಜಾಗಾನೂ ಧಾರಾಳ. ಯುರೋಪ್ ಕಾನೂನು ಪ್ರಕಾರ 110 ಕೇಜಿ ತನಕದ ಹಂದಿಗೆ ಕನಿಷ್ಠ 0.65 ಚದರ ಮೀಟರ್, ಅಂದ್ರೆ ಹತ್ರ ಹತ್ರ 7 ಚದರ ಅಡಿ ಕೊಟ್ರೆ ಸಾಕು, ಇಲ್ಲಿ ನೋಡಿದ್ರೆ ಅದರ ಎರಡು ಪಟ್ಟಿಗಿಂತ ಜಾಸ್ತೀನೇ ಇದೆ. ಜಾಗ ಇರೋದ್ರಿಂದ ಅವೇ ಒಂದು ಮೂಲೆ ಗೊತ್ತು ಮಾಡ್ಕೊಂಡು ಅಲ್ಲೇ ಗಲೀಜು ಮಾಡ್ತವೆ, ಮಲಗೋ ಜಾಗ ಒಣಗೇ ಇರುತ್ತೆ. ಹಂದಿ ಅಂದ್ರೆ ಕೊಳಕು ಅನ್ನೋರು ಒಂದ್ಸಲ ಬಂದು ನೋಡ್ಬೇಕು. ಕೆಸರಲ್ಲಿ ಹೊರಳೋದೂ ಕೊಳಕಲ್ಲ, ಅವಕ್ಕೆ ನಮ್ಮ ಥರ ಬೆವರಿ ಮೈ ತಣ್ಣಗೆ ಮಾಡ್ಕೊಳೋಕೆ ಆಗಲ್ಲ, ಬಿಳಿ ಯಾರ್ಕ್‌ಶೈರ್ ಹಂದಿಗಂತೂ ಕೆಸರು ಮೆತ್ಕೊಂಡಿಲ್ಲ ಅಂದ್ರೆ ಬಿಸಿಲಿಗೆ ಚರ್ಮ ಸುಟ್ಟು ಹೋಗುತ್ತೆ. ಹಿಂದ್ಗಡೆ ಒಂದು ಕೆಸರು ಗುಂಡಿ ಬಿಟ್ಟಿದಾರೆ.

ಆದ್ರೆ ನಾನು ಜಾಸ್ತಿ ದುಡ್ಡು ಕೊಡೋದು ತಾಯಿ ಹಂದಿಗಳನ್ನ ಇಟ್ಟಿರೋ ರೀತಿಗೆ. ಹಂದಿ ಗಬ್ಬ ಅಂದ್ರೆ ಸುಮಾರು 114 ದಿನ, ಮೂರು ತಿಂಗ್ಳು ಮೂರು ವಾರ ಮೂರು ದಿನ. ಇಂಡಸ್ಟ್ರಿ ಪದ್ಧತೀಲಿ ಅಷ್ಟೂ ದಿನ ಅದನ್ನ 2 ಅಡಿ ಅಗಲ 7 ಅಡಿ ಉದ್ದದ ಕಬ್ಬಿಣದ ಕ್ರೇಟ್‌ನಲ್ಲಿ ಇಡ್ತಾರೆ. ಏಳಬಹುದು, ಮಲಗಬಹುದು, ತಿರುಗೋಕಾಗಲ್ಲ. ಮರಿ ಹಾಕೋ ಟೈಮಿಗೆ ಇನ್ನೊಂದು ಕ್ರೇಟು, ಮರಿ ಬಿಡಿಸಿದ್ಮೇಲೆ ಬೆದೆಗೆ ಬಂದ್ರೆ ಮತ್ತೆ ಮೊದಲಿನ ಕ್ರೇಟು, ಜೀವನ ಪೂರ್ತಿ ಇಷ್ಟೇ. ಬ್ರಿಟನ್‌ನಲ್ಲಿ 1999ರಲ್ಲೇ ಗಬ್ಬದ ಹಂದಿಗೆ ಕ್ರೇಟ್ ಬ್ಯಾನ್ ಆಯ್ತು. ಯುರೋಪಲ್ಲಿ 2013ರ ಜನವರಿಯಿಂದ, ಗಬ್ಬ ಕಟ್ಟಿದ ಮೊದಲ 4 ವಾರ, ಮರಿ ಹಾಕೋ ಮುಂಚಿನ ಒಂದು ವಾರ ಬಿಟ್ರೆ ಉಳಿದಷ್ಟೂ ದಿನ ಗುಂಪಲ್ಲೇ ಬಿಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಜನರೇ ಓಟು ಹಾಕಿ ಒಂದು ತಾಯಿ ಹಂದಿಗೆ 24 ಚದರ ಅಡಿ ಕೊಡದೆ ಬೆಳೆಸಿದ ಪೋರ್ಕ್ ನಮ್ಮ ರಾಜ್ಯದಲ್ಲಿ ಮಾರಂಗಿಲ್ಲ ಅಂದ್ರು, ಕಂಪನಿಯವ್ರು ಕೋರ್ಟಿಗೆ ಹೋದ್ರೂ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಎತ್ತಿ ಹಿಡೀತು. ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್‌ನಲ್ಲಿ ಪ್ರಾಣಿ ಸರಿಯಾಗಿ ಅಲ್ಲಾಡೋಕೂ ಆಗದ ಬೋನಲ್ಲಿ ಇಡೋದು ಅಪರಾಧ ಅಂತಾನೇ ಇದೆ. ಓದೋರು ಯಾರು ಹೇಳಿ.

ಇಲ್ಲಿ ಗಬ್ಬದ ಹಂದಿಗಳು ಗುಂಪಲ್ಲಿರ್ತವೆ. ಮರಿ ಹಾಕೋಕೆ ಒಂದು ವಾರ ಇದೆ ಅನ್ನೋವಾಗ ಬೇರೆ ಗೂಡಿಗೆ ತಂದು ಹುಲ್ಲು ಹಾಕ್ತಾರೆ. ಮರಿ ಹಾಕೋ ಹಿಂದಿನ ದಿನ ಅದು ಹುಲ್ಲನ್ನ ಬಾಯಲ್ಲಿ ಕಚ್ಕೊಂಡು ಕಚ್ಕೊಂಡು ಬಂದು ಮೂಲೆಗೆ ಗುಡ್ಡೆ ಹಾಕಿ ಕಾಲಲ್ಲಿ ಕೆದರಿ ಗೂಡು ಮಾಡುತ್ತಂತೆ, ಓನರ್ ಮಿಸೆಸ್ ಫೋನಲ್ಲಿ ವಿಡಿಯೋ ತೋರ್ಸಿದ್ರು. ಹಂದಿ ಗೂಡು ಕಟ್ಟುತ್ತೆ ಅಂತ ನಮ್ಮ ಮನೇಲಿ ಹೇಳಿದ್ರೆ ನಂಬಲಿಲ್ಲ. ಕ್ರೇಟ್‌ನಲ್ಲಿರೋ ಹಂದಿಗೂ ಆ ಆಸೆ ಹೋಗಿರಲ್ಲ, ಹುಲ್ಲಿಲ್ಲದೆ ಬರೀ ನೆಲ ಕೆರೆಯುತ್ತೆ, ಕಂಬಿ ಕಡಿಯುತ್ತೆ.

"ಕ್ರೇಟ್ ಇದ್ರೆ ಮರಿ ಸಾಯೋದು ಕಮ್ಮಿ ಅಂತಾರಲ್ಲ ಅಣ್ಣ?" ಅಂತ ಕೇಳ್ದೆ. ಸುತ್ತು ಬಳಸದೆ ಹೇಳಿದ್ರು: "ಅದು ಸುಳ್ಳಲ್ಲ ಮಾರಾಯ್ರೆ. ಇನ್ನೂರು ಕೇಜಿ ಹಂದಿ ದೊಪ್ಪಂತ ಮಲಗಿದ್ರೆ ಕೆಳಗಿರೋ ಮರಿ ಅಪ್ಪಚ್ಚಿ. ನಂಗೂ ಹೋಗಿದಾವೆ." ಅದಕ್ಕೆ ಗೋಡೆಗುಂಟ ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಪೈಪ್ ಕೂರ್ಸಿದಾರೆ, ತಾಯಿ ಗೋಡೆಗೆ ಒರಗಿ ಜಾರಿದ್ರೂ ಮರಿಗೆ ನುಸುಳೋಕೆ ಸಂದಿ ಇರುತ್ತೆ. ಮೂಲೇಲಿ ಬಲ್ಬ್ ಹಾಕಿ ಮರಿಗೆ ಅಂತಲೇ ಬೆಚ್ಚಗಿನ ಜಾಗ. ಮರಿಗೆ ಮೊದಲ ದಿನಗಳಲ್ಲಿ 30 ಡಿಗ್ರಿ ಮೇಲೆ ಬೇಕು, ತಾಯಿಗೆ ಅಷ್ಟು ಸೆಕೆ ತಡೆಯೋಕಾಗಲ್ಲ, ಬಲ್ಬ್ ಕೆಳಗೆ ಮರಿ ಹೋಗಿ ಮಲಗಿದ್ರೆ ಇಬ್ರಿಗೂ ಆಯ್ತು. ಇದೆಲ್ಲ ರಾಕೆಟ್ ಸೈನ್ಸ್ ಅಲ್ಲ, ವೆಲ್ಡಿಂಗ್ ಅಂಗಡಿಲಿ ಆಗೋ ಕೆಲಸ.

ಇನ್ನು ಮಾಂಸ. ಪೇಟೇಲಿ ಕೆಲವು ಕಡೆ ತಂದ ಪೋರ್ಕ್ ಪಾತ್ರೆಗೆ ಹಾಕಿದ ತಕ್ಷಣ ನೀರು ಬಿಟ್ಕೊಂಡು ಬೇಯುತ್ತೆ, ಬಣ್ಣ ಬಿಳುಚಿಕೊಂಡಿರುತ್ತೆ. ಹಂದೀನ ಕಡಿಯೋ ಮುಂಚೆ ಹೆದರಿಸಿ ಓಡಿಸಿ, ಗುರ್ತಿಲ್ಲದ ಹಂದಿಗಳ ಜೊತೆ ಗಾಡಿಗೆ ತುಂಬಿ ಕಚ್ಚಾಡಿಸಿದ್ರೆ ಮಾಂಸ ಇನ್ನೂ ಬಿಸಿ ಇರೋವಾಗ್ಲೇ ಅದರಲ್ಲಿ ಹುಳಿ ಅಂಶ ಬೇಗ ಏರುತ್ತೆ, ಆಗ ಅದಕ್ಕೆ ನೀರು ಹಿಡ್ಕೊಳೋ ಶಕ್ತಿ ಹೋಗುತ್ತೆ. ಇಲ್ಲಿ ಗಾಡಿ ಪ್ರಯಾಣಾನೇ ಇಲ್ಲ, ಒಟ್ಟಿಗೆ ಬೆಳೆದವನ್ನ ಒಟ್ಟಿಗೇ ತರ್ತಾರೆ, ಕರೆಂಟ್ ಕೊಟ್ಟು ಪ್ರಜ್ಞೆ ತಪ್ಪಿಸಿದ ಮೇಲೇನೇ ಕಡಿಯೋದು ಅಂತಾರೆ. ಅದನ್ನ ನಾನು ಕಣ್ಣಾರೆ ನೋಡಿಲ್ಲ. ಮಾಂಸ ಮಾತ್ರ ಗಟ್ಟಿ, ಕೆಂಪಗಿದೆ, ಉಪ್ಪಾಗೆ ಹುಳಿ ಮೆಣಸು ಹಾಕಿ ಬೇಯ್ಸಿದ್ರೆ ತನ್ನ ಕೊಬ್ಬಲ್ಲೇ ಹುರಿಯುತ್ತೆ. ಕೊಬ್ಬು ಸ್ವಲ್ಪ ಜಾಸ್ತಿ, ಬೇಡದವ್ರು ಮೊದ್ಲೇ ಹೇಳ್ಬೇಕು.

ಸರಿಯಿಲ್ಲದ್ದೂ ಇದೆ. ಗಂಡು ಮರಿ ಬೀಜ ತೆಗೆಯೋದು ಇನ್ನೂ ಬ್ಲೇಡಲ್ಲೇ, ನೋವಿನ ಇಂಜೆಕ್ಷನ್ ಇಲ್ದೆ. ತೆಗೀದಿದ್ರೆ ದೊಡ್ಡದಾದ್ಮೇಲೆ ಕೆಲವದರ ಮಾಂಸಕ್ಕೆ ಗಂಡು ವಾಸನೆ ಬರುತ್ತೆ ನಿಜ, ಆದ್ರೆ ಜರ್ಮನಿಲಿ 2021ರಿಂದ ಅನಸ್ತೇಶಿಯಾ ಇಲ್ದೆ ಬೀಜ ತೆಗೆಯಂಗೇ ಇಲ್ಲ. ಶಿವಮೊಗ್ಗದಲ್ಲೇ ವೆಟರ್ನರಿ ಕಾಲೇಜ್ ಇದೆ, ಒಂದ್ಸಲ ಕೇಳಿ ಅಂದೆ, "ನೋಡುವ" ಅಂದ್ರು. ಆ ನೋಡುವ ಏನು ಅಂತ ನಮ್ಮ ಕಡೆಯವ್ರಿಗೆ ಗೊತ್ತು. ಇನ್ನೊಂದು ಮಳೆಗಾಲ. ಜುಲೈಲಿ ಹೋದಾಗ ತಗ್ಗಲ್ಲಿರೋ ಎರಡು ಗೂಡಿಗೆ ಎರಚಲು ಹೊಡೆದು ಹಾಸಿಗೆಯೆಲ್ಲ ನೆಂದು ಮೂಗಿಗೆ ಅಮೋನಿಯಾ ಹೊಡೀತಿತ್ತು, ಒಂದೆರಡು ಕೆಮ್ತಾನೂ ಇದ್ವು. ಮಲೆನಾಡಲ್ಲಿ ಹುಲ್ಲಿನ ಹಾಸಿಗೆ ಅಂದ್ರೆ ಮಾಡು ಇನ್ನೂ ಮೂರಡಿ ಮುಂದಕ್ಕೆ ಚಾಚಲೇಬೇಕು, ದಿನಾ ಒಣ ದರಗು ಹಾಕ್ಬೇಕು, ಅದಕ್ಕೆ ಬೇಸಿಗೇಲೇ ಗುಡಿಸಿ ತುಂಬಿಟ್ಕೋಬೇಕು.

ಹೋಗೋರಿಗೆ: ಒಳಗೆ ಬಿಡಲ್ಲ, ಬೇಲಿ ಆಚೆಯಿಂದಾನೇ ನೋಡ್ಬೇಕು, ಚಪ್ಪಲಿ ಔಷಧಿ ನೀರಲ್ಲಿ ಅದ್ದಬೇಕು. ಸಿಟ್ಟಾಗ್ಬೇಡಿ, 2020ರಲ್ಲಿ ಅಸ್ಸಾಂ ಕಡೆಯಿಂದ ನಮ್ಮ ದೇಶಕ್ಕೆ ಬಂದ ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಏನೂ ಮಾಡಲ್ಲ, ಆದ್ರೆ ಫಾರಂ ಹೊಕ್ಕರೆ ಖಾಲಿ ಮಾಡಿಸುತ್ತೆ. ಅದೇ ಭಯಕ್ಕೆ ಹೋಟೆಲ್ ಮುಸುರೇನೂ ತರ್ಸಲ್ಲ. ಶುಕ್ರವಾರ ಸಂಜೆ ಒಳಗೆ ಫೋನ್ ಮಾಡಿ ಹೇಳಿದ್ರೆ ಭಾನುವಾರ ಬೆಳಿಗ್ಗೆ ಮಾಂಸ ರೆಡಿ ಇರುತ್ತೆ, ಡಬ್ಬಿ ನೀವೇ ತಗೊಂಡ್ಹೋಗಿ, ಗೂಗಲ್ ಪೇ ನೆಟ್‌ವರ್ಕ್ ಸಿಗಲ್ಲ ಕ್ಯಾಶ್ ಇಟ್ಕೊಳಿ. ಕಡುಬಿನ ಜೊತೆಗೆ ಅಂದ್ರೆ ಮುಂಗಾಲಿನ ಕಡೆ ಮಾಂಸ ಕೇಳಿ, ಎಂಟು ಗಂಟೆ ಮೇಲೆ ಹೋದ್ರೆ ಅದು ಉಳಿದಿರಲ್ಲ.